ಅಪ್ಲೈಡ್ ಆರ್ಟ್ ಓದಿದರೆ ಡ್ರಾಯಿಂಗ್ ಮೇಷ್ಟ್ರಾಗಬಹುದಾ? ಮಂಡ್ಯ, ಮೈಸೂರು ಕಡೆಯವರು ಸ್ವಲ್ಪ ಹೇಳಿ

ಮಂಡ್ಯದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮಂಡ್ಯದಲ್ಲಿ ಸೆಕೆಂಡ್ ಪಿಯುಸಿ ಕಾಮರ್ಸ್ ಓದುತ್ತಿದ್ದಾನೆ. ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಗ್ರೇಡ್ ಪಾಸು ಮಾಡಿದ್ದಾನೆ. ಊರಿನ ಗಣಪತಿ ಪೆಂಡಾಲಿನ ಬ್ಯಾನರ್‌ನಿಂದ ಹಿಡಿದು ಕಬಡ್ಡಿ ಪಂದ್ಯಾವಳಿಯ ಪೋಸ್ಟರ್‌ವರೆಗೆ ಎಲ್ಲ ಇವನದೇ ಕೈಚಳಕ, ಅದೂ ಮೊಬೈಲ್‌ನಲ್ಲೇ. ಈಗ ಮೈಸೂರಿಗೆ ಹೋಗಿ ಅಪ್ಲೈಡ್ ಆರ್ಟ್‌ನಲ್ಲಿ ಡಿಗ್ರಿ ಮಾಡುತ್ತೇನೆ ಅಂತ ಹಟ ಹಿಡಿದು ಕೂತಿದ್ದಾನೆ.

ಅಪ್ಪನದು ಒಂದೇ ಲೆಕ್ಕ. ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಗುವ ಹಾಗಿದ್ದರೆ ಓದಲಿ, ಇಲ್ಲದಿದ್ದರೆ ಬಿ.ಕಾಂ ಮಾಡಲಿ. ತಮ್ಮನಿಗೆ ಮೇಷ್ಟ್ರಾಗುವ ಆಸೆ ಅಷ್ಟೇನೂ ಇಲ್ಲ, ಜಾಹೀರಾತು ಕಂಪನಿ ಅಂತಾನೆ. ಆದರೆ ಬೇಡ ಅಂತಲೂ ಹೇಳುತ್ತಿಲ್ಲ. ನನಗೆ ಇದರ ತಲೆಬುಡ ಗೊತ್ತಿಲ್ಲ. ನಾಲ್ಕು ವರ್ಷ ಓದಿ ಆಮೇಲೆ ಎರಡೂ ಕಡೆ ಸಲ್ಲದ ಹಾಗೆ ಆದರೆ ಏನು ಮಾಡುವುದು? ಗೊತ್ತಿದ್ದವರು ಬಿಡಿಸಿ ಹೇಳಿ. ಸುಮ್ನೆ ‘ಮನಸ್ಸು ಹೇಳಿದ್ದು ಮಾಡಲಿ’ ಅನ್ನಬೇಡಿ, ಅದನ್ನು ಮನೆಯಲ್ಲಿ ಅಮ್ಮ ಹೇಳಿ ಆಗಿದೆ.

ಲೇಔಟ್ ಪುಟ್ಟಿ

ನಾನು ಮೈಸೂರಿನಲ್ಲೇ ಅಪ್ಲೈಡ್ ಆರ್ಟ್ ಓದಿದವಳು, ಈಗ ಬೆಂಗಳೂರಿನಲ್ಲಿ ಪ್ಯಾಕೇಜಿಂಗ್ ಡಿಸೈನ್ ಮಾಡುತ್ತೇನೆ. ಅಂದರೆ ಡಬ್ಬಿ, ಪೊಟ್ಟಣ, ಲೇಬಲ್ಲು.

ಮೊದಲು ಈ ಕೋರ್ಸ್ ಏನು ಅಂತ ಹೇಳಿಬಿಡುತ್ತೇನೆ, ಯಾಕಂದ್ರೆ ಸೇರಿದವರಲ್ಲೇ ಅರ್ಧ ಜನಕ್ಕೆ ಎರಡನೇ ವರ್ಷದವರೆಗೆ ಗೊತ್ತಿರುವುದಿಲ್ಲ. ದೃಶ್ಯಕಲಾ ಪದವಿ ನಾಲ್ಕು ವರ್ಷದ್ದು. ಬಿ.ಎಫ್.ಎ ಅಂತಲೂ ಬಿ.ವಿ.ಎ ಅಂತಲೂ ಕರೆಯುತ್ತಾರೆ. ಮೊದಲ ವರ್ಷ ಫೌಂಡೇಶನ್. ಅದರಲ್ಲಿ ಎಲ್ಲರೂ ಎಲ್ಲವನ್ನೂ ಮಾಡಬೇಕು. ವಸ್ತು ಚಿತ್ರಣ, ಮುಖ, ಮಣ್ಣಿನ ಕೆಲಸ, ಬಣ್ಣ, ಅಕ್ಷರ, ಕಲಾ ಇತಿಹಾಸ. ಆಮೇಲೆ ಕವಲು ಒಡೆಯುತ್ತದೆ. ಮೈಸೂರಿನ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ, ಪೇಂಟಿಂಗ್, ಶಿಲ್ಪ, ಗ್ರಾಫಿಕ್ಸ್, ಫೋಟೋಗ್ರಫಿ, ಅಪ್ಲೈಡ್ ಆರ್ಟ್ ಇವೆಲ್ಲ ಬೇರೆ ಬೇರೆ ವಿಭಾಗಗಳು. ಗಮನಿಸಿ, ಅಲ್ಲಿ ‘ಗ್ರಾಫಿಕ್ಸ್’ ಅಂದರೆ ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ. ಮರದ ಅಚ್ಚು, ಎಚ್ಚಿಂಗ್, ಲಿಥೋ ಇಂಥ ಮುದ್ರಣ ಕಲೆ. ಹೆಸರು ನೋಡಿ ಆ ವಿಭಾಗ ಸೇರಿ ಆಮೇಲೆ ಕಣ್ಣು ಕಣ್ಣು ಬಿಟ್ಟವರನ್ನು ನೋಡಿದ್ದೇನೆ.

ಅಪ್ಲೈಡ್‌ನಲ್ಲಿ ಲೋಗೋ, ಪೋಸ್ಟರ್, ಪತ್ರಿಕೆ ಜಾಹೀರಾತು, ಪುಸ್ತಕದ ಮುಖಪುಟ, ಪ್ಯಾಕೇಜಿಂಗ್, ಇಲಸ್ಟ್ರೇಶನ್, ಟೈಪೋಗ್ರಫಿ ಅಂದರೆ ಅಕ್ಷರಗಳ ವಿನ್ಯಾಸ, ಸ್ವಲ್ಪ ಫೋಟೋ, ಕೊನೆಗೆ ಒಂದು ಪೂರ್ತಿ ಕ್ಯಾಂಪೇನ್. ಪೇಂಟಿಂಗ್ ಮಾಡುವವನು ತನಗೆ ಅನಿಸಿದ್ದನ್ನು ಬಿಡಿಸಬಹುದು. ನಮ್ಮಲ್ಲಿ ಮಾತು ಒಬ್ಬರದು, ದುಡ್ಡು ಒಬ್ಬರದು, ನೋಡುವ ಕಣ್ಣು ಮೂರನೆಯವರದು. ಪಾಂಡವಪುರದ ರೈತ ಅಂಗಡಿಯಲ್ಲಿ ನಿಂತು ಕೀಟನಾಶಕದ ಡಬ್ಬಿ ತಿರುಗಿಸಿ ನೋಡಿದಾಗ ಅಪಾಯದ ಗುರುತು ಮೊದಲು ಕಾಣಬೇಕೇ ಹೊರತು ನಾನು ಹಾಕಿದ ಚೆಂದದ ಹಸಿರು ಎಲೆ ಅಲ್ಲ. ಈ ಶಿಸ್ತು ಇಷ್ಟ ಆಗುತ್ತದಾ ಅಂತ ತಮ್ಮನನ್ನು ಕೇಳಿ. ಕಬಡ್ಡಿ ಪೋಸ್ಟರ್‌ನಲ್ಲಿ ‘ಶಾಸಕರ ಫೋಟೋ ಇನ್ನೂ ದೊಡ್ಡದು ಮಾಡು’ ಅಂದಾಗ ಅವನು ಏನು ಮಾಡಿದ ಅನ್ನುವುದರಲ್ಲೇ ಉತ್ತರ ಇದೆ 😄

ಸೀಮೆಸುಣ್ಣ

ನಾನು ಶ್ರೀರಂಗಪಟ್ಟಣ ಕಡೆ ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕ. ಅಪ್ಪನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ.

ಮೇಷ್ಟ್ರಾಗಬಹುದು. ಆದರೆ ‘ಮೇಷ್ಟ್ರ ಕೆಲಸ’ ಅಂತ ಒಂದೇ ಬಾಗಿಲು ಇಲ್ಲ. ನಾಲ್ಕು ಬೇರೆ ಬಾಗಿಲು, ಒಂದೊಂದಕ್ಕೂ ಬೇರೆ ಬೀಗ.

ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಇದೆ. ನೇಮಕಾತಿ ಯಾವಾಗ ಬರುತ್ತದೆ ಅಂತ ಕಾದು ಕೂತವರ ದೊಡ್ಡ ದಂಡೇ ಇದೆ. ಅದೊಂದನ್ನೇ ನಂಬಿ ನಾಲ್ಕು ವರ್ಷ ಓದಿಸಬೇಡಿ, ಅಷ್ಟೇ ಹೇಳುತ್ತೇನೆ. ಎರಡನೆಯದು ಕೇಂದ್ರೀಯ ವಿದ್ಯಾಲಯ ಮತ್ತು ನವೋದಯ. ಅಲ್ಲಿ ಕಲಾ ಶಿಕ್ಷಕರ ಹುದ್ದೆ ಇದೆ, ಸಂಬಳ ಚೆನ್ನಾಗಿದೆ, ಆದರೆ ಸ್ಪರ್ಧೆ ದೇಶದ ಮಟ್ಟದ್ದು, ಹಿಂದಿ ಇಂಗ್ಲಿಷ್ ಎರಡೂ ಬೇಕು, ಎಲ್ಲಿಗೆ ಹಾಕಿದರೂ ಹೋಗಬೇಕು. ಮೂರನೆಯದು ಖಾಸಗಿ ಸಿಬಿಎಸ್‌ಇ ಶಾಲೆ. ಮೈಸೂರಿನಲ್ಲಿ ಇವಕ್ಕೆ ಬರವಿಲ್ಲ. ಸಿಬಿಎಸ್‌ಇ 11 ಮತ್ತು 12ನೇ ತರಗತಿಗೆ ಪೇಂಟಿಂಗ್ ಒಂದು ವಿಷಯ, ಕಮರ್ಷಿಯಲ್ ಆರ್ಟ್ ಇನ್ನೊಂದು ವಿಷಯ, ಅದರ ಕೋಡ್ 052. ಈ ಎರಡನೆಯದನ್ನು ಪಾಠ ಮಾಡಲು ಅಪ್ಲೈಡ್ ಆರ್ಟ್ ಓದಿದವರೇ ಸರಿ. ಬಹಳ ಜನ ಈ ದಾರಿ ಯೋಚಿಸುವುದೇ ಇಲ್ಲ.

ನಾಲ್ಕನೆಯದು ಕಾಲೇಜು. ಅದಕ್ಕೆ ಡಿಗ್ರಿ ಸಾಲದು. ಎಂ.ಎಫ್.ಎ ಅಥವಾ ಎಂ.ವಿ.ಎ ಎರಡು ವರ್ಷ, ಅದರಲ್ಲಿ ಸಾಮಾನ್ಯ ವರ್ಗಕ್ಕೆ 55 ಪರ್ಸೆಂಟ್, ಆಮೇಲೆ ಯುಜಿಸಿ ನೆಟ್, ಅಂದರೆ ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ನೆಟ್‌ನಲ್ಲಿ ದೃಶ್ಯಕಲೆ ಅನ್ನುವ ವಿಷಯ ಇದೆ, ಕೋಡ್ 79. ಅದರ ಸಿಲಬಸ್ ಒಳಗೇ ಅಪ್ಲೈಡ್ ಆರ್ಟ್ ಭಾಗವೂ ಬರುತ್ತದೆ. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100 ಪ್ರಶ್ನೆ, ಒಟ್ಟು ಮೂರು ಗಂಟೆ. ಕೈಯಲ್ಲಿ ಕುಂಚ ಹಿಡಿದವರು ಇಲ್ಲಿ ಮುಗ್ಗರಿಸುವುದೇ ಜಾಸ್ತಿ, ಯಾಕಂದ್ರೆ ಇದು ಪೂರ್ತಿ ಓದಿನ ಪರೀಕ್ಷೆ. ಅಜಂತಾದಿಂದ ಜರ್ಮನಿಯ ಬೌಹೌಸ್ ಕಲಾ ಶಾಲೆಯವರೆಗೆ ಎಲ್ಲ ಕೇಳುತ್ತಾರೆ. ಕಲಾ ಇತಿಹಾಸದ ಕ್ಲಾಸ್‌ನಲ್ಲಿ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡಿದವನಿಗೆ ಅಲ್ಲಿ ಬಡ್ಡಿ ಸಮೇತ ವಸೂಲಿ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ನೇಮಕಾತಿ ಅಧಿಸೂಚನೆಯಲ್ಲಿ ಅರ್ಹತೆಯ ಸಾಲನ್ನು ಅಕ್ಷರ ಅಕ್ಷರ ಓದಬೇಕು. ಎಷ್ಟೋ ಕಡೆ ‘ಚಿತ್ರಕಲೆ, ಶಿಲ್ಪ, ಗ್ರಾಫಿಕ್ ಆರ್ಟ್ ಅಥವಾ ತತ್ಸಮಾನ’ ಅಂತ ಇರುತ್ತದೆ, ಅಪ್ಲೈಡ್ ಆರ್ಟ್ ಅನ್ನುವ ಪದವೇ ಇರುವುದಿಲ್ಲ. ಆ ‘ತತ್ಸಮಾನ’ದ ಮೇಲೆ ಜೀವನ ನಿಂತಿರುತ್ತದೆ. ವಿಶ್ವವಿದ್ಯಾಲಯದಿಂದ ತತ್ಸಮಾನ ಪತ್ರ, ವರ್ಷವಾರು ಸಿಲಬಸ್ ಪ್ರತಿ, ಎಲ್ಲ ಸೆಮಿಸ್ಟರ್ ಅಂಕಪಟ್ಟಿ ಇವನ್ನು ಡಿಗ್ರಿ ಮುಗಿದ ವರ್ಷವೇ ತೆಗೆದಿಟ್ಟುಕೊಳ್ಳಿ. ದಾಖಲೆ ಪರಿಶೀಲನೆ ದಿನ ಓಡಾಡಿದರೆ ಯಾರೂ ಕಾಯುವುದಿಲ್ಲ.

ಕುಕ್ಕರಹಳ್ಳಿ ವಾಕರ್

ಕೋಪ ಮಾಡಿಕೊಳ್ಳಬೇಡಿ, ಆದರೆ 2025 ದಾಟಿದ ಮೇಲೆ ಯಾರಾದರೂ ಪೋಸ್ಟರ್ ಡಿಸೈನ್ ಕಲಿಯಲು ನಾಲ್ಕು ವರ್ಷ ಕಾಲೇಜಿಗೆ ಹೋಗುತ್ತಾರಾ? ನಮ್ಮ ಆಫೀಸಿನಲ್ಲಿ ಹಬ್ಬದ ಶುಭಾಶಯ ಕಾರ್ಡ್ ಎಲ್ಲ ಎಐ ಮಾಡಿಕೊಡುತ್ತದೆ. ಬಿ.ಕಾಂ ಮಾಡಿ ಜೊತೆಗೆ ಡಿಸೈನ್ ಕಲಿಯಲಿ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೀಟೇ ಕೊಡಲಿಲ್ಲ. ಇಲ್ಲೇ ಬಿ.ಎ. ಮಾಡಿದರು. ಏನು ಕಡಿಮೆ ಆಯಿತು?

ಲೇಔಟ್ ಪುಟ್ಟಿ

@ಕುಕ್ಕರಹಳ್ಳಿ ವಾಕರ್, ಲಕ್ಷ್ಮಣ್ ಉದಾಹರಣೆ ಪ್ರತಿ ಸಲ ಬರುತ್ತದೆ. ಸರಿ, ಅವರಿಗೆ ಕಾಲೇಜು ಬೇಕಾಗಲಿಲ್ಲ. ಆದರೆ ಅವರು ಓದುವಾಗಲೇ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು, ಅಣ್ಣನ ಕತೆಗಳಿಗೆ ಚಿತ್ರ ಹಾಕುತ್ತಿದ್ದರು. ಅಷ್ಟು ಕೆಲಸ, ಅಂಥ ಕೈ, ಅಂಥ ಮನೆ ಇದ್ದವರಿಗೆ ಯಾವ ದಾರಿಯಾದರೂ ದಾರಿಯೇ. ಉಳಿದ ನಮ್ಮಂಥವರಿಗೆ ದಿನಾ ಬೆಳಿಗ್ಗೆ ಕೂರಿಸಿ ನೂರು ಸ್ಕೆಚ್ ಹಾಕಿಸುವವರು ಬೇಕು. ಅದಕ್ಕೇ ಕಾಲೇಜು.

ಎಐ ಬಗ್ಗೆ ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಶುಭಾಶಯ ಕಾರ್ಡ್, ಸಣ್ಣ ಪುಟ್ಟ ಸೋಷಿಯಲ್ ಮೀಡಿಯಾ ಪೋಸ್ಟ್, ಸ್ಟಾಕ್ ಚಿತ್ರ ಥರದ ಇಲಸ್ಟ್ರೇಶನ್, ಇವುಗಳ ದುಡ್ಡು ಇಳಿದಿದೆ. ಮೊದಲು ಹೊಸಬರು ಇವನ್ನೇ ಮಾಡಿ ಕೈ ಪಳಗಿಸಿಕೊಳ್ಳುತ್ತಿದ್ದರು, ಆ ಮೆಟ್ಟಿಲು ಸವೆದಿದೆ. ಆದರೆ ನಮ್ಮ ಆಫೀಸಿನಲ್ಲಿ ಎಐ ಕೊಟ್ಟ ಹತ್ತು ಚಿತ್ರದಲ್ಲಿ ಯಾವುದು ಬೇಡ ಅಂತ ಹೇಳುವವರಿಗೆ ಸಂಬಳ ಇದೆ. ಆ ಕಣ್ಣು ಬಿ.ಕಾಂ ಜೊತೆಗೆ ಬರುವುದು ಕಷ್ಟ.

ಪ್ರೆಸ್ಸಿನವನು

ಮೈಸೂರಿನಲ್ಲಿ ನಮ್ಮದು ಆಫ್‌ಸೆಟ್ ಪ್ರೆಸ್, ಅಪ್ಪನ ಕಾಲದಿಂದ. ನಾನು ಯಾವ ಡಿಗ್ರಿಯೂ ಇಲ್ಲದ ಮನುಷ್ಯ, ಆದರೆ ಡಿಗ್ರಿ ಇರುವವರ ಫೈಲು ದಿನಾ ತೆರೆದು ನೋಡುತ್ತೇನೆ.

ಹೋದ ಶ್ರಾವಣದಲ್ಲಿ ಒಂದು ಮದುವೆ ಕಾರ್ಡ್ ಬಂತು. ಹುಡುಗ ಮೊಬೈಲ್ ಆ್ಯಪ್‌ನಲ್ಲಿ ಮಾಡಿದ್ದು. ಪರದೆ ಮೇಲೆ ಭಾಳ ಚೆಂದ. ಮೊದಲನೆಯದು, ಬಣ್ಣ ಆರ್‌ಜಿಬಿ, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ. ನಮ್ಮ ಯಂತ್ರಕ್ಕೆ ಗೊತ್ತಿರುವುದು ನಾಲ್ಕೇ ಶಾಯಿ: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಅವನ ಮಿರಿಮಿರಿ ನೀಲಿ ಕಾಗದದ ಮೇಲೆ ಮಂಕಾಗಿ ಕೂತಿತು. ಎರಡನೆಯದು, ಬ್ಲೀಡ್ ಇಲ್ಲ. ಕತ್ತರಿಸುವಾಗ ಬ್ಲೇಡು ಕೂದಲೆಳೆ ಜರುಗಿದರೂ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ, ಅದಕ್ಕೇ ಸುತ್ತ 3 ಮಿಲಿಮೀಟರ್ ಜಾಸ್ತಿ ಬಿಡಬೇಕು. ಮೂರನೆಯದೇ ದೊಡ್ಡ ತಲೆನೋವು. ಕಪ್ಪು ಅಕ್ಷರ ಅಂದುಕೊಂಡಿದ್ದು ನಾಲ್ಕೂ ಶಾಯಿ ಕೂಡಿದ ಕಪ್ಪು. ಅಂದರೆ ‘ಸುಮುಹೂರ್ತ’ದ ಅರ್ಕಾವತ್ತು ನಾಲ್ಕು ಪ್ಲೇಟಿನಲ್ಲಿ ನಾಲ್ಕು ಸಲ ಒಂದರ ಮೇಲೊಂದು ಬೀಳಬೇಕು. ಸ್ವಲ್ಪ ಸರಿದರೆ ಅಕ್ಷರದ ಅಂಚಿಗೆ ಗುಲಾಬಿ ನೆರಳು. ದೊಡ್ಡ ಅಕ್ಷರದಲ್ಲಿ ನಡೆಯುತ್ತದೆ, ಒತ್ತಕ್ಷರದಲ್ಲಿ ಹೊಟ್ಟೆ ಮುಚ್ಚಿಹೋಗುತ್ತದೆ. ಸಣ್ಣ ಅಕ್ಷರಕ್ಕೆ ಕಪ್ಪು ಶಾಯಿ ಒಂದೇ, ನೂರಕ್ಕೆ ನೂರು. ಇಷ್ಟೇ ಪಾಠ.

ಈ ಪಾಠ ಗೊತ್ತಿರುವ ಹುಡುಗ ಸಿಕ್ಕರೆ ನಾಳೆಯೇ ಕೆಲಸ ಕೊಡುತ್ತೇನೆ. ಡಿಗ್ರಿ ಮಾಡಿದವರಲ್ಲೂ ಪ್ರೆಸ್ ಒಳಗೆ ಕಾಲಿಡದೆ ಪಾಸಾದವರು ಇದ್ದಾರೆ. ತಮ್ಮನಿಗೆ ಹೇಳಿ, ರಜೆಯಲ್ಲಿ ಯಾವುದಾದರೂ ಪ್ರೆಸ್‌ನಲ್ಲಿ ಒಂದು ತಿಂಗಳು ಸುಮ್ನೆ ಕೂತು ನೋಡಲಿ. ಕ್ಯಾಲೆಂಡರ್ ಕೆಲಸ ಎಲ್ಲ ಶಿವಕಾಶಿಗೆ ಹೋಗುತ್ತದೆ ಅಂತ ಅಳುವವರೇ ಇಲ್ಲಿ ಜಾಸ್ತಿ, ಇಲ್ಲಿ ಆಗುವ ಕೆಲಸವನ್ನು ನೆಟ್ಟಗೆ ಮಾಡಿಕೊಡುವವರು ಕಡಿಮೆ.

ಒತ್ತಕ್ಷರ

ಪ್ರೆಸ್ಸಿನವರು ನನ್ನ ಹೆಸರು ಹೇಳಿದ ಹಾಗಾಯಿತು, ಬಂದೆ.

ಕನ್ನಡ ಅಕ್ಷರ ಗೊತ್ತಿರುವ ಡಿಸೈನರ್‌ಗೆ ಈಗ ಒಳ್ಳೆ ಕಾಲ. ಸಮಸ್ಯೆ ಏನು ಅಂದರೆ ಬಹಳ ಕಾಲೇಜುಗಳಲ್ಲಿ ಟೈಪೋಗ್ರಫಿ ಅಂದರೆ ಇಂಗ್ಲಿಷ್ ಅಕ್ಷರ. ಹುಡುಗರು ಹೆಲ್ವೆಟಿಕಾ ಫಾಂಟ್ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ, ಕನ್ನಡದ ‘ಸ್ತ್ರೀ’ ಬರೆದಾಗ ಸಾಲಿನ ಕೆಳಗೆ ಎಷ್ಟು ಜಾಗ ಬೇಕು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ನಮ್ಮ ಲಿಪಿಗೆ ಕೆಳಗೆ ಒತ್ತು, ಮೇಲೆ ಗುಡಿಸು. ಇಂಗ್ಲಿಷ್‌ಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಎರಡು ಭಾಷೆ ಒಂದೇ ಪೋಸ್ಟರ್‌ನಲ್ಲಿ ಬಂದಾಗ ಒಂದೇ ಪಾಯಿಂಟ್ ಗಾತ್ರ ಕೊಟ್ಟರೂ ಒಂದು ದೊಡ್ಡದಾಗಿ ಇನ್ನೊಂದು ಸಣ್ಣದಾಗಿ ಕಾಣುತ್ತದೆ. ಅದನ್ನು ಕಣ್ಣಳತೆಯಲ್ಲೇ ಸರಿ ಮಾಡಬೇಕು, ಸಾಫ್ಟ್‌ವೇರ್ ಮಾಡಿಕೊಡುವುದಿಲ್ಲ.

ಇನ್ನು ಫೋಟೋಶಾಪ್‌ನಲ್ಲಿ ಕನ್ನಡ ಒಡೆದುಹೋಗುತ್ತದೆ ಅಂತ ಅಳುವವರಿಗೆ: ಸ್ವಲ್ಪ ಹಳೇ ಆವೃತ್ತಿ ಆಗಿದ್ದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್ ಅಂತ ಇದೆ, ಅದರಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸಿ, ಹೊಸ ಫೈಲ್ ತೆರೆಯಿರಿ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್. ಅಷ್ಟೇ. ಇದು ಗೊತ್ತಿಲ್ಲದೆ ಇವತ್ತಿಗೂ ಎಷ್ಟೋ ಜನ ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸುತ್ತಾರೆ. ಮುದ್ರಣಕ್ಕೆ ನಡೆಯುತ್ತದೆ, ಆದರೆ ಅದೇ ಪಠ್ಯ ವೆಬ್‌ಸೈಟಿಗೆ ಹೋದರೆ ಅರ್ಥವಾಗದ ಗುರುತುಗಳು, ಹುಡುಕಿದರೆ ಸಿಗುವುದಿಲ್ಲ. ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ, ಈಗ ಫಾಂಟಿಗೆ ಕೊರತೆ ಇಲ್ಲ. ನೋಟೋ ಸಾನ್ಸ್, ನೋಟೋ ಸೆರಿಫ್, ಬಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ಎಲ್ಲ ಉಚಿತ. ಲ್ಯಾಪ್‌ಟಾಪ್‌ನಲ್ಲಿ ದುಬಾರಿ ಸಾಫ್ಟ್‌ವೇರ್ ಇಲ್ಲ ಅಂತ ಕೂರಬೇಡಿ. ಇಂಕ್‌ಸ್ಕೇಪ್, ಕ್ರಿತಾ, ಸ್ಕ್ರೈಬಸ್, ಬ್ಲೆಂಡರ್ ಉಚಿತ. ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಯಾವ ತಕರಾರಿಲ್ಲದೆ ಕೂರುತ್ತದೆ.

ಎಐ ವಿಚಾರಕ್ಕೆ ಒಂದು ಮಾತು. ಅದು ಮಾಡಿದ ಚಿತ್ರದ ಒಳಗಿನ ಕನ್ನಡವನ್ನು ಹತ್ತಿರದಿಂದ ಓದಿ ನೋಡಿ. ಈಗಲೂ ಬಹಳ ಸಲ ದೀರ್ಘ ಒಂದು ಕಡೆ, ಒತ್ತು ಇನ್ನೊಂದು ಕಡೆ. ವಾಕರ್ ಅವರ ಆಫೀಸಿನ ಯುಗಾದಿ ಕಾರ್ಡನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರಾ?

ಕುಕ್ಕರಹಳ್ಳಿ ವಾಕರ್

ಈಗ ತೆಗೆದು ನೋಡಿದೆ. ‘ಹಾರ್ದಿಕ’ ಅಂತ ಇರಬೇಕಾದ ಕಡೆ ಏನೋ ಇದೆ, ಏನು ಅಂತ ಓದಲು ಬರುತ್ತಿಲ್ಲ. ಯಾರೂ ಗಮನಿಸಿರಲಿಲ್ಲ 🙈 ಆದರೂ ನನ್ನ ಮುಖ್ಯ ಮಾತು ಹಾಗೇ ಇದೆ. ಇನ್ನು ಎರಡು ವರ್ಷದಲ್ಲಿ ಅದೂ ಸರಿಹೋಗಬಹುದು.

ಒತ್ತಕ್ಷರ

ಸರಿಹೋಗಲಿ, ಒಳ್ಳೆಯದೇ. ಸರಿ ಇದೆಯಾ ಅಂತ ನೋಡುವವರು ಆಗಲೂ ಬೇಕು.

ಮೂರನೇ ವರ್ಷ

ನಾನು ಈಗ ಓದುತ್ತಿರುವವನು, ಮದ್ದೂರಿನಿಂದ ದಿನಾ ರೈಲಿನಲ್ಲಿ ಓಡಾಡುತ್ತೇನೆ. ದೊಡ್ಡವರು ದೊಡ್ಡ ವಿಷಯ ಹೇಳಿದರು, ನಾನು ಚಿಲ್ಲರೆ ವಿಷಯ ಹೇಳುತ್ತೇನೆ.

ಪ್ರವೇಶಕ್ಕೆ ಅಂಕದ ಜೊತೆ ಕೈ ಪರೀಕ್ಷೆಯೂ ಇರುತ್ತದೆ. ವಸ್ತುಗಳನ್ನು ಮುಂದೆ ಇಟ್ಟು ಬಿಡಿಸಲು ಹೇಳುತ್ತಾರೆ, ಒಂದು ಸನ್ನಿವೇಶ ಕೊಟ್ಟು ಕಾಂಪೋಸಿಶನ್ ಮಾಡಿಸುತ್ತಾರೆ. ಜಾತ್ರೆ, ಸಂತೆ, ಬಸ್ ನಿಲ್ದಾಣ, ಇಂಥವು. ಮೊಬೈಲ್‌ನಲ್ಲಿ ಮಾತ್ರ ಮಾಡಿದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅನ್‌ಡೂ ಇಲ್ಲವಲ್ಲ! ಈಗಿನಿಂದಲೇ ಪೆನ್ಸಿಲ್ ಹಿಡಿಯಲಿ. ಮಂಡ್ಯ ಮಾರ್ಕೆಟ್‌ನಲ್ಲಿ ಕೂತು ಬೆಲ್ಲದ ಮೂಟೆ, ತಕ್ಕಡಿ, ಜನರ ಕಾಲು ಕೈ ಬಿಡಿಸಲಿ. ಜನರ ಕೈ ಬಿಡಿಸುವುದೇ ಕಷ್ಟ, ಎಲ್ಲರೂ ಜೇಬಿನಲ್ಲಿ ಬಚ್ಚಿಟ್ಟು ಬಿಡಿಸುತ್ತಾರೆ.

ಖರ್ಚು: ಸರ್ಕಾರಿ ಕಾಲೇಜಿನ ಫೀಸಿಗಿಂತ ಸಾಮಾನಿನ ಖರ್ಚು ಹೊಡೆಯುತ್ತದೆ. ಕಾಗದ, ಪೋಸ್ಟರ್ ಬಣ್ಣ, ಪ್ರಿಂಟ್ ತೆಗೆಸುವುದು. ಸೆಮಿಸ್ಟರ್ ಕೊನೆಯಲ್ಲಿ ಪ್ರಿಂಟ್ ಖರ್ಚು ಒಂದೇ ಸಲ ಮೈಮೇಲೆ ಬೀಳುತ್ತದೆ. ಲ್ಯಾಪ್‌ಟಾಪ್ ಮೊದಲ ವರ್ಷ ಬೇಡ, ಎರಡನೇ ವರ್ಷದಿಂದ ಇಲ್ಲದೆ ಆಗುವುದಿಲ್ಲ.

ಓಡಾಟ: ಹಾಫ್ ಇಂಪೀರಿಯಲ್ ಅಂದರೆ 15 ಇಂಚು 22 ಇಂಚು. ಅಷ್ಟಗಲದ ಬೋರ್ಡನ್ನು ಬೆಳಗಿನ ರೈಲಿನಲ್ಲಿ ಹಿಡಿದು ನಿಲ್ಲುವುದು ಇನ್ನೊಂದು ಕೋರ್ಸ್. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ಕಡ್ಡಾಯ. ಸಬ್‌ಮಿಶನ್ ವಾರ ಯಾರಾದರೂ ಸ್ನೇಹಿತರ ರೂಮಿನಲ್ಲಿ ಉಳಿದುಕೊಳ್ಳುವುದೇ ವಾಸಿ.

ಮಂಡ್ಯದ ಅಕ್ಕ

ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಪ್ಪನಿಗೆ ಸೀಮೆಸುಣ್ಣ ಅವರ ಪೋಸ್ಟ್ ಓದಿ ಹೇಳಿದೆ. ‘052’ ಅಂತ ಕೋಡ್ ನಂಬರ್ ಕೇಳಿದ ಮೇಲೆ ಇದು ನಿಜವಾದ ವಿಷಯ ಅಂತ ನಂಬಿಕೆ ಬಂದ ಹಾಗಿದೆ!

ಇನ್ನೂ ಎರಡು ಪ್ರಶ್ನೆ. ಮೇಷ್ಟ್ರ ದಾರಿ ಗಟ್ಟಿ ಆಗಬೇಕು ಅಂದರೆ ಪೇಂಟಿಂಗ್ ತೆಗೆದುಕೊಳ್ಳುವುದೇ ಒಳ್ಳೆಯದಾ? ಮತ್ತೆ ಸಂಬಂಧಿಕರೊಬ್ಬರು ಯುಸೀಡ್ ಬರೆಸಿ ಬಿ.ಡೆಸ್, ಅಂದರೆ ಡಿಸೈನ್ ಡಿಗ್ರಿ, ಮಾಡಿಸಿ ಅಂತಿದ್ದಾರೆ. ಅದು ಬೇರೆಯದಾ?

ಲೇಔಟ್ ಪುಟ್ಟಿ

ಬೇರೆ. ಯುಸೀಡ್ ಐಐಟಿ ಬಾಂಬೆ ನಡೆಸುವ ಪರೀಕ್ಷೆ, ಜನವರಿಯಲ್ಲಿ ಇರುತ್ತದೆ, ಐಐಟಿಗಳ ಬಿ.ಡೆಸ್‌ಗೆ. ಕಾಮರ್ಸ್ ಆದರೂ ಬರೆಯಬಹುದು. ಆದರೆ ಅದರಲ್ಲಿ ಡ್ರಾಯಿಂಗ್ ಒಂದು ಭಾಗ ಮಾತ್ರ, ಉಳಿದದ್ದು ಲೆಕ್ಕಾಚಾರ, ಆಕಾರವನ್ನು ತಲೆಯಲ್ಲೇ ತಿರುಗಿಸಿ ನೋಡುವುದು, ಗಮನಿಸುವ ಶಕ್ತಿ. ಸೀಟು ತುಂಬಾ ಕಡಿಮೆ. ಖಾಸಗಿ ಬಿ.ಡೆಸ್ ಕಾಲೇಜುಗಳ ಫೀಸು ಕೇಳಿದರೆ ಅಪ್ಪ ಮತ್ತೆ ಬಿ.ಕಾಂ ಅಂತಾರೆ. ನನ್ನ ಸಲಹೆ ಕೇಳಿದರೆ, ಸರ್ಕಾರಿ ಕಾಲೇಜಿನಲ್ಲಿ ಬಿ.ಎಫ್.ಎ ಮುಗಿಸಿ ಆಮೇಲೆ ಬೇಕಾದರೆ ಸೀಡ್ ಅನ್ನುವ ಪರೀಕ್ಷೆ ಬರೆದು ಎಂ.ಡೆಸ್‌ಗೆ, ಅಂದರೆ ಡಿಸೈನ್ ಸ್ನಾತಕೋತ್ತರ ಪದವಿಗೆ, ಹೋಗಬಹುದು. ಅದನ್ನೂ ಐಐಟಿ ಬಾಂಬೆಯೇ ನಡೆಸುವುದು. ಎಷ್ಟು ಸಲ ಬೇಕಾದರೂ ಬರೆಯಬಹುದು, ಅಂಕ ಒಂದು ವರ್ಷಕ್ಕೆ ಮಾತ್ರ. ಕಡಿಮೆ ಖರ್ಚಿನಲ್ಲಿ ದೊಡ್ಡ ಕಡೆ ತಲುಪಲು ಇದು ಒಳದಾರಿ.

ಪೋರ್ಟ್‌ಫೋಲಿಯೋ ಬಗ್ಗೆ ಒಂದು ಮಾತು. ಖಾಸಗಿ ಕಂಪನಿಯಲ್ಲಿ ನಿಮ್ಮ ಡಿಗ್ರಿ ಯಾವ ವಿಭಾಗ ಅಂತ ಹೆಚ್ಚಿನವರು ಕೇಳುವುದೂ ಇಲ್ಲ. ಹತ್ತು ಹನ್ನೆರಡು ಕೆಲಸ ತೋರಿಸಿ ಅಂತಾರೆ. ನಾನು ಸಂದರ್ಶನದಲ್ಲಿ ಕೂತಾಗ ನೋಡುವುದು ಒಂದೇ: ಈ ಹುಡುಗ ಮಾಡಿ ಬಿಟ್ಟುಹಾಕಿದ್ದು ಎಷ್ಟು? ಒಂದು ಲೋಗೋಗೆ ಮೂವತ್ತು ಕಚ್ಚಾ ಸ್ಕೆಚ್ ಇದ್ದರೆ ಖುಷಿ ಆಗುತ್ತದೆ. ನೈಕಿ, ಕೋಕಾಕೋಲಾಗೆ ಹೊಸ ಜಾಹೀರಾತು ಮಾಡಿದ್ದೇನೆ ಅಂತ ಎಲ್ಲರೂ ತರುತ್ತಾರೆ, ನೋಡಿ ನೋಡಿ ಸಾಕಾಗಿದೆ. ಮೈಸೂರಿನಲ್ಲಿ ಓದಿ ಊದುಬತ್ತಿ ಪೊಟ್ಟಣ ಬಿಡಿಸದೆ ಬರುತ್ತಾರಲ್ಲ, ಏನು ಹೇಳೋಣ! ಮೈಸೂರು ಸ್ಯಾಂಡಲ್ ಸೋಪಿನ ಮೇಲಿನ ಶರಭ ನೋಡಿ. ಆನೆ ತಲೆ, ಸಿಂಹದ ಮೈ. ಒಂದು ಸಲ ನೋಡಿದವರು ಮರೆಯುವುದಿಲ್ಲ. ನಂಜನಗೂಡು ಹಲ್ಲುಪುಡಿ ಪೊಟ್ಟಣ, ಚನ್ನಪಟ್ಟಣದ ಗೊಂಬೆ, ದಸರಾ ಸ್ತಬ್ಧಚಿತ್ರ, ರಂಗಾಯಣದ ರಂಗಸಜ್ಜಿಕೆ, ಮಂಡ್ಯದ ಬೆಲ್ಲಕ್ಕೆ ಒಂದು ಒಳ್ಳೆ ಲೇಬಲ್. ಇವೆಲ್ಲ ಕಾಲೇಜಿನಿಂದ ಕೂಗಳತೆ ದೂರದ ಪ್ರಾಜೆಕ್ಟುಗಳು. ಮಕ್ಕಳ ಪುಸ್ತಕದ ಚಿತ್ರ ಇಷ್ಟ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕತೆಗಳು ತುಂಬಾ ಇವೆ, ಅಲ್ಲಿನ ಚಿತ್ರಕಾರರ ಕೆಲಸ ನೋಡಲಿ.

ಸೀಮೆಸುಣ್ಣ

ಪೇಂಟಿಂಗ್ ಪ್ರಶ್ನೆಗೆ: ಸರ್ಕಾರಿ ಶಾಲೆಯೊಂದೇ ಗುರಿ ಆಗಿದ್ದರೆ ಪೇಂಟಿಂಗ್ ಸುಲಭ, ಅಧಿಸೂಚನೆಯಲ್ಲಿ ಆ ಹೆಸರು ನೇರವಾಗಿ ಇರುತ್ತದೆ. ಆದರೆ ಅವನಿಗೆ ಜಾಹೀರಾತು ಆಸೆ ಇದೆ ಅಂತೀರಿ. ಆಸೆ ಇಲ್ಲದ ವಿಭಾಗದಲ್ಲಿ ಕೂರಿಸಿದರೆ ನೇಮಕಾತಿ ಬಾರದ ವರ್ಷಗಳಲ್ಲಿ ಕೈಯಲ್ಲಿ ಏನೂ ಇರುವುದಿಲ್ಲ. ಅಪ್ಲೈಡ್ ಮಾಡಿದವನು ಕಾಯುವ ಕಾಲದಲ್ಲಿ ಹೊಟ್ಟೆಗೆ ಸಂಪಾದಿಸುತ್ತಾನೆ. ನನ್ನ ಜೊತೆ ಓದಿದವರನ್ನು ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಪೇಂಟಿಂಗ್‌ನವರಲ್ಲಿ ಕೆಲವರು ತುಂಬಾ ಮೇಲೆ ಹೋದರು, ಮಧ್ಯದವರಿಗೆ ಕಷ್ಟ ಆಯಿತು. ಅಪ್ಲೈಡ್‌ನಲ್ಲಿ ಮಧ್ಯದವರೂ ಬದುಕಿಕೊಂಡರು.

ಇನ್ನೊಂದು ಗುಟ್ಟು. ಪಾಠ ಮಾಡಲು ಬರುತ್ತದಾ ಅಂತ ನೇಮಕಾತಿಗೆ ಮೊದಲೇ ಗೊತ್ತಾಗಬೇಕು. ಡಿಗ್ರಿ ಓದುವಾಗ ಭಾನುವಾರ ಮಕ್ಕಳಿಗೆ ಚಿತ್ರ ಹೇಳಿಕೊಡಲಿ, ಬೇಸಿಗೆ ಶಿಬಿರಗಳಿಗೆ ಹೋಗಲಿ. ಏಳನೇ ಕ್ಲಾಸಿನ ನಲವತ್ತು ಮಕ್ಕಳ ಕೈಗೆ ನೀರು, ಬಣ್ಣ ಎರಡನ್ನೂ ಕೊಟ್ಟು ಮುಕ್ಕಾಲು ಗಂಟೆ ನಿಭಾಯಿಸಿದವನಿಗೆ ಯಾವ ಕ್ಲೈಂಟೂ ಕಷ್ಟ ಅನ್ನಿಸುವುದಿಲ್ಲ. ಕೆಲವರಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ, ಇದು ನನ್ನ ಕೆಲಸ ಅಲ್ಲ ಅಂತ. ನಾಲ್ಕನೇ ವರ್ಷದಲ್ಲಿ ಗೊತ್ತಾಗುವುದಕ್ಕಿಂತ ವಾಸಿ ಅಲ್ವಾ?

ಕಾವಾ ಬಗ್ಗೆ ಅಪ್ಪನಿಗೆ ಹೇಳಲು ಒಂದು ವಿಷಯ. ಅದರ ಮೂಲ ಹಳೇ ಸಿಟಿಐ, ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. 1906ರಲ್ಲಿ ಅಡಿಗಲ್ಲು ಬಿದ್ದದ್ದು. ಸಯ್ಯಾಜಿರಾವ್ ರಸ್ತೆಯಲ್ಲಿ ಕಾವೇರಿ ಎಂಪೋರಿಯಂ ಇರುವ ಆ ಕಟ್ಟಡ ನೋಡಿರುತ್ತೀರಿ. ಮರಗೆಲಸ, ಲೋಹ, ಚಿತ್ರ ಎಲ್ಲ ಒಟ್ಟಿಗೆ ಕಲಿಸುತ್ತಿದ್ದರು. ಕೈ ಕೆಲಸದಿಂದ ಅನ್ನ ದುಡಿಯಬೇಕು ಅನ್ನುವುದೇ ಅಲ್ಲಿನ ಉದ್ದೇಶ. ನಿಮ್ಮಪ್ಪ ಕೇಳುತ್ತಿರುವುದೂ ಅದೇ ತಾನೆ.

ಪ್ರೆಸ್ಸಿನವನು

ಮೇಷ್ಟ್ರೇ, ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರ ನೋಡಿ ಕೈ ಮುಗಿಯುತ್ತೇವಲ್ಲ, ಅದೇ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಲಿಥೋ ಪ್ರೆಸ್ ಹಾಕಿದವನು. ಲಕ್ಷ್ಮಿ, ಸರಸ್ವತಿ ಮನೆಮನೆ ಗೋಡೆಗೆ ಬಂದದ್ದು ಆ ಪ್ರೆಸ್‌ನಿಂದ. ಆ ಪ್ರೆಸ್ಸಿನಿಂದ ಅವನಿಗೆ ಸಾಲವೂ ಆಯಿತು, ಕೊನೆಗೆ ಮಾರಿದ, ಅದು ಬೇರೆ ಕತೆ. ನಮ್ಮ ಕಸುಬೇ ಹಾಗೆ.

ಮಂಡ್ಯದ ಅಕ್ಕ

ಅಪ್ಪ ಒಪ್ಪಿದರು ಅಂತ ಹೇಳಲಾರೆ. ‘ಆ ಪ್ರೆಸ್ಸಿನವರ ಹತ್ತಿರ ರಜೆಯಲ್ಲಿ ಒಂದು ತಿಂಗಳು ಇರಲಿ, ಆಮೇಲೆ ನೋಡೋಣ’ ಅಂದರು. ತಮ್ಮ ಆಗಲೇ ಬ್ಯಾಗು ಕಟ್ಟಲು ಶುರು ಮಾಡಿದ್ದಾನೆ, ಪರೀಕ್ಷೆ ಇನ್ನೂ ಮುಗಿದಿಲ್ಲ. ಅವನ ಹತ್ತಿರ ಸುಮಾರು ಇಪ್ಪತ್ತು ಚಿತ್ರ ಇವೆ. ಯಾರಾದರೂ ನೋಡಿ ಹೇಳುತ್ತೀರಾ?

ಲೇಔಟ್ ಪುಟ್ಟಿ

ಇಲ್ಲೇ ಹಾಕಿ, ನೋಡುತ್ತೇನೆ. ಅದರಲ್ಲಿ ಅನಿಮೆ ಹುಡುಗಿಯರು, ಪುನೀತ್ ಪೆನ್ಸಿಲ್ ಪೋರ್ಟ್ರೇಟ್ ಇದ್ದರೆ ಒಂದೊಂದು ಸಾಕು. ಗಣಪತಿ ಬ್ಯಾನರ್ ಮರೆಯದೆ ಹಾಕಿ, ಶಾಸಕರ ಫೋಟೋ ಸಮೇತ.

ಪ್ರೆಸ್ಸಿನವನು

ಪರೀಕ್ಷೆ ಮುಗಿದ ಮೇಲೆ ಬರಲಿ. ಬೆಳಿಗ್ಗೆ ಒಂಬತ್ತಕ್ಕೆ ಪ್ಲೇಟ್ ಕೂರಿಸುತ್ತೇವೆ. ಬಿಳಿ ಶರ್ಟ್ ಹಾಕಿಕೊಂಡು ಬರಬೇಡ ಅಂತ ಹೇಳಿ.